ಅಳುವ ಮಗುವಿನ ಮುಂದೆ ಹತ್ತು ಸೆಕೆಂಡು: ಶಿಶುಶಿಕ್ಷಕರ ತರಬೇತಿ ಎಲ್ಲಿ ಎಡವುತ್ತಿದೆ?

ಮೂರೂವರೆ ವರ್ಷದ ಹುಡುಗನೊಬ್ಬ ಬಹಳ ಹೊತ್ತಿನಿಂದ ಬ್ಲಾಕ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾನೆ. ಏಳನೆಯದನ್ನು ಉಸಿರು ಬಿಗಿಹಿಡಿದು ಇಟ್ಟು ಕೈ ತೆಗೆಯುವಷ್ಟರಲ್ಲಿ, ಓಡಿಬಂದ ಇನ್ನೊಂದು ಮಗುವಿನ ಮೊಣಕಾಲು ತಗುಲಿ ಗೋಪುರ ನೆಲಕ್ಕುರುಳುತ್ತದೆ. ಹುಡುಗ ಕೈಗೆ ಸಿಕ್ಕ ಬ್ಲಾಕನ್ನೆತ್ತಿ ಆ ಮಗುವಿನತ್ತ ಬೀಸಿ, ನೆಲದ ಮೇಲೆ ಬಿದ್ದು ರಚ್ಚೆ ಹಿಡಿಯುತ್ತಾನೆ. ಕೋಣೆಯಲ್ಲಿ ಇನ್ನೂ ಹದಿನೆಂಟು ಮಕ್ಕಳಿದ್ದಾರೆ. ಒಬ್ಬಳ ಮೂಗು ಸುರಿಯುತ್ತಿದೆ, ಇನ್ನೊಬ್ಬ ಶೌಚಾಲಯಕ್ಕೆ ಹೋಗಬೇಕೆಂದು ಸೆರಗು ಜಗ್ಗುತ್ತಿದ್ದಾನೆ. ಶಿಕ್ಷಕಿ ತಿರುಗಿ ನೋಡುತ್ತಾಳೆ. ಮುಂದಿನ ಹತ್ತು ಸೆಕೆಂಡುಗಳಲ್ಲಿ ಆಕೆಯ ಬಾಯಿಂದ ಯಾವ ಮಾತು ಹೊರಡುತ್ತದೆ, ಆಕೆಯ ಮುಖ ಹೇಗಿರುತ್ತದೆ, ನಿಂತಲ್ಲಿಂದಲೇ ಕೂಗುತ್ತಾಳೋ ಹತ್ತಿರ ಬಂದು ಮಂಡಿಯೂರುತ್ತಾಳೋ ಎಂಬುದನ್ನೇ ಪಠ್ಯಕ್ರಮದ ದಾಖಲೆಗಳು 'ಮಗುವಿನ ಭಾವನಾತ್ಮಕ ಬೆಳವಣಿಗೆಗೆ ಬೆಂಬಲ' ಎಂಬ ಗಂಭೀರ ಹೆಸರಿನಿಂದ ಕರೆಯುತ್ತವೆ.

ಈ ಶಿಕ್ಷಕಿಗೆ ತರಬೇತಿ ಆಗಿಲ್ಲವೆಂದಲ್ಲ. ಶಿಶುಶಿಕ್ಷಣದ ಕೋರ್ಸ್ ಮುಗಿಸಿರುತ್ತಾಳೆ. ವರ್ಷಕ್ಕೊಮ್ಮೆ ಒಂದೋ ಎರಡೋ ದಿನದ ಕಾರ್ಯಾಗಾರಕ್ಕೆ ಹೋಗಿಬಂದಿರುತ್ತಾಳೆ. ಬೆಳವಣಿಗೆಯ ಹಂತಗಳನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿರುತ್ತಾಳೆ. 'ಮಗುವಿನ ಭಾವನೆಯನ್ನು ಗುರುತಿಸಿ, ಅದಕ್ಕೆ ಹೆಸರಿಡಿ' ಎಂಬ ಸೂತ್ರವೂ ಆಕೆಯ ನೋಟ್‌ಪುಸ್ತಕದಲ್ಲಿ ಅಡಿಗೆರೆ ಎಳೆದುಕೊಂಡು ಕೂತಿದೆ. ಆದರೂ ಆ ಗಳಿಗೆಯಲ್ಲಿ ಬರುವ ಮಾತು, "ಏಯ್, ಹೊಡೀಬಾರ್ದು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಮೊದ್ಲು ಸಾರಿ ಕೇಳು!" ಎಂಬುದೇ. ತಾನು ಚಿಕ್ಕವಳಿದ್ದಾಗ ಕೇಳಿಸಿಕೊಂಡು ಬೆಳೆದ ಮಾತು ಅದು. ಒತ್ತಡದ ಹೊತ್ತಿನಲ್ಲಿ ಓದಿದ್ದು ಹಿಂದೆ ಸರಿದು ರೂಢಿಯಾದದ್ದು ನಾಲಿಗೆಗೆ ಬರುತ್ತದೆ. ಎಳೆಯ ಮಕ್ಕಳ ಶಿಕ್ಷಕರನ್ನು ಸಜ್ಜುಗೊಳಿಸುವ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯ ಗಂಟು ಇರುವುದು ಇಲ್ಲಿಯೇ. ತಿಳಿವಳಿಕೆಯನ್ನು ಹಂಚುವ ವ್ಯವಸ್ಥೆಗಳನ್ನು ಎಲ್ಲೆಡೆ ಕಟ್ಟಲಾಗಿದೆ. ರೂಢಿಯನ್ನು ಬದಲಿಸುವ ವ್ಯವಸ್ಥೆ ಮಾತ್ರ ಅಪರೂಪ.

ಸಮಾಧಾನವನ್ನು ಮಗು ಎಲ್ಲಿಂದ ಕಲಿಯುತ್ತದೆ?

ವಯಸ್ಸಾದಂತೆ ಹಠ, ಅಳು, ಸಿಟ್ಟುಗಳೆಲ್ಲ ತಾವಾಗಿಯೇ ತಹಬಂದಿಗೆ ಬರುತ್ತವೆ ಎಂಬ ನಂಬಿಕೆ ಬಹಳ ಹಳೆಯದು. ಅದರಲ್ಲಿ ಅರ್ಧ ಸತ್ಯವೂ ಇದೆ. ಉಳಿದರ್ಧವನ್ನು ಕಳೆದ ಶತಮಾನದ ಸಂಶೋಧನೆ ತೋರಿಸಿಕೊಟ್ಟಿತು. ಎರಡನೆಯ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಮಾನಸಿಕ ಸ್ಥಿತಿಯ ಕುರಿತು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ 1951ರಲ್ಲಿ ಹೊರಬಂದಿತು. ಊಟ, ಬಟ್ಟೆ, ಸೂರುಗಳಷ್ಟೇ ಮಗುವಿಗೆ ಸಾಲವು, ತನ್ನನ್ನು ಬಲ್ಲ, ತನ್ನ ಕರೆಗೆ ಓಗೊಡುವ ಹಿರಿಯರೊಬ್ಬರ ನಿರಂತರ ಸಂಗ ಬೇಕು ಎಂಬುದು ಅದರ ಸಾರ. ಮುಂದೆ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ–ಮಕ್ಕಳನ್ನು ಮನೆಗಳಲ್ಲೇ ದೀರ್ಘಕಾಲ ಗಮನಿಸಿ, ಮಗು ಕೊಡುವ ಸೂಚನೆಯನ್ನು ಹಿರಿಯರು ಎಷ್ಟು ಬೇಗ, ಎಷ್ಟು ಸರಿಯಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಮಗುವಿನ ಭದ್ರತೆಯ ಭಾವಕ್ಕೆ ಹತ್ತಿರದ ನಂಟು ಹೊಂದಿದೆ ಎಂದು ಕಂಡುಕೊಂಡರು.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವನ್ನು ಇಂದಿಗೂ ತರಬೇತಿಗಳಲ್ಲಿ ವಿಡಿಯೊ ಹಾಕಿ ತೋರಿಸುತ್ತಾರೆ. ಕೆಲವೇ ತಿಂಗಳ ಮಗುವಿನೊಂದಿಗೆ ನಗುತ್ತಾ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕೆಲವು ನಿಮಿಷ ಸುಮ್ಮನೆ ನೋಡುತ್ತಾ ಕೂರುತ್ತಾಳೆ. ಮಗು ನಕ್ಕು ನೋಡುತ್ತದೆ, ಕೈಚಾಚುತ್ತದೆ, ಕೂಗುತ್ತದೆ. ಏನೂ ಫಲಿಸದಾಗ ಮುಖ ತಿರುಗಿಸಿಕೊಳ್ಳುತ್ತದೆ, ಕಂಗೆಡುತ್ತದೆ. ನೋಡುವವರ ಹೊಟ್ಟೆ ಚುರ್ ಎನ್ನುವ ದೃಶ್ಯವದು. ಆದರೆ ಟ್ರಾನಿಕ್ ಅವರ ಕೆಲಸದ ಇನ್ನೊಂದು ಭಾಗ ಶಿಕ್ಷಕರಿಗೆ ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು, ಮತ್ತು ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅಕ್ಕರೆಯಿಂದ ಕೂಡಿದ ಒಡನಾಟದಲ್ಲಿಯೂ ಹಿರಿಯರ ಮತ್ತು ಮಗುವಿನ ತಾಳ ಮೇಲಿಂದ ಮೇಲೆ ತಪ್ಪುತ್ತಿರುತ್ತದೆ. ತಪ್ಪಿದ ತಾಳವನ್ನು ಮತ್ತೆ ಕೂಡಿಸಿಕೊಳ್ಳುವ ಅನುಭವದಿಂದಲೇ ಮಗು ಗಟ್ಟಿಯಾಗುತ್ತದೆ. ಅಂದರೆ ಒಮ್ಮೆ ಗದರಿದ ಶಿಕ್ಷಕಿ ಎಲ್ಲವನ್ನೂ ಕೆಡಿಸಿಬಿಟ್ಟಳೆಂದಲ್ಲ. ಹತ್ತು ನಿಮಿಷದ ನಂತರ ಆಕೆ ಆ ಮಗುವಿನ ಬಳಿ ಹೋಗಿ ಕೂತಳೇ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಮಗು ಮೊದಲು ಇನ್ನೊಬ್ಬರ ಸಮಾಧಾನವನ್ನು ಎರವಲು ಪಡೆಯುತ್ತದೆ. ಹೆಗಲ ಮೇಲಿನ ಕೈ, ತಗ್ಗಿದ ದನಿ, ನಿಧಾನವಾದ ಉಸಿರು, ಇವೆಲ್ಲ ಸಾವಿರಾರು ಸಲ ಹೊರಗಿನಿಂದ ಸಿಕ್ಕ ಮೇಲೆ ಸಮಾಧಾನ ಮಾಡಿಕೊಳ್ಳುವ ದಾರಿ ಮಗುವಿಗೆ ಒಳಗೇ ಗೊತ್ತಾಗುತ್ತದೆ. ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವಾದರೋ ಇಪ್ಪತ್ತು ವರ್ಷ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗಿರುವಾಗ ಮೂರು ವರ್ಷದವನಿಂದ "ಶಾಂತವಾಗಿರು" ಎಂಬ ಆದೇಶದ ಪಾಲನೆಯನ್ನು ನಿರೀಕ್ಷಿಸುವುದು ಹೆಚ್ಚಾಯಿತು. (ಮಿದುಳಿನ ಬಣ್ಣದ ಚಿತ್ರವಿಲ್ಲದ ಕಾರ್ಯಾಗಾರವೇ ಈಚೆಗೆ ಇಲ್ಲ ಎನ್ನಬಹುದು. ಆ ಚಿತ್ರ ಸುಳ್ಳಲ್ಲ. ಆದರೆ ರಚ್ಚೆ ಹಿಡಿದ ಮಗುವನ್ನು ಎತ್ತಿಕೊಳ್ಳುವುದೋ ಬಿಡುವುದೋ ಎಂಬುದನ್ನು ಅದು ಹೇಳಿಕೊಡುವುದಿಲ್ಲ.)

ಇದರ ಫಲ ದೊಡ್ಡವರಾದ ಮೇಲೂ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಎಚ್ಚರಿಕೆಯಿಂದ ಉತ್ತರಿಸಬೇಕು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಾಲಾಪೂರ್ವ ಯೋಜನೆಯ ಅಧ್ಯಯನದಲ್ಲಿ 123 ಬಡ ಮಕ್ಕಳಿದ್ದರು; ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು ಯೋಜನೆಗೆ ಸೇರಿಸಿ, ಉಳಿದವರನ್ನು ಹೋಲಿಕೆಗಾಗಿ ಹೊರಗಿಡಲಾಗಿತ್ತು. ಯೋಜನೆಯಿಂದ ಏರಿದ ಬುದ್ಧಿಮತ್ತೆಯ ಅಂಕಗಳು ಕೆಲವೇ ವರ್ಷಗಳಲ್ಲಿ ಮೊದಲಿನಂತಾದವು. ಆದರೆ ಎರಡೂ ಗುಂಪಿನ ಮಕ್ಕಳು ದೊಡ್ಡವರಾದಾಗ ಓದು, ಸಂಪಾದನೆ, ಕಾನೂನಿನೊಂದಿಗಿನ ಸಂಘರ್ಷ ಮುಂತಾದವುಗಳಲ್ಲಿ ವ್ಯತ್ಯಾಸ ಉಳಿದಿತ್ತು. ಅದರ ಬಹುಪಾಲು ಶ್ರೇಯ ವರ್ತನೆ ಮತ್ತು ಸ್ವಭಾವದಲ್ಲಾದ ಬದಲಾವಣೆಗೆ ಸಲ್ಲಬೇಕೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಹೋದ್ಯೋಗಿಗಳು ವಾದಿಸಿದ್ದಾರೆ. 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಶಿಶುವಿಹಾರದ ಹಂತದಲ್ಲಿ ಶಿಕ್ಷಕರು ಹಂಚಿಕೊಳ್ಳುವಿಕೆ, ಸಹಕಾರ ಮುಂತಾದ ಗುಣಗಳಿಗೆ ಹೆಚ್ಚು ಅಂಕ ಕೊಟ್ಟಿದ್ದ ಮಕ್ಕಳು 25ನೆಯ ವಯಸ್ಸಿನ ಹೊತ್ತಿಗೆ ಪದವಿ ಪಡೆದು ಪೂರ್ಣಾವಧಿ ಉದ್ಯೋಗದಲ್ಲಿರುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಇದು ನಂಟೇ ಹೊರತು ಕಾರಣದ ರುಜುವಾತಲ್ಲ. ತಿನಿಸನ್ನು ಮುಂದಿಟ್ಟು, ಕಾದರೆ ಎರಡು ಕೊಡುತ್ತೇನೆ ಎನ್ನುವ ವಾಲ್ಟರ್ ಮಿಶೆಲ್ ಅವರ ಸ್ಟ್ಯಾನ್‌ಫರ್ಡ್ ಪ್ರಯೋಗದಿಂದ ಎಷ್ಟೊಂದು ದೊಡ್ಡ ತೀರ್ಮಾನಗಳು ಹೊರಟಿದ್ದವು! 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯ ಮೇಲೆ ಅದನ್ನು ಮರುಪರಿಶೀಲಿಸಿದಾಗ, ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಕಾಯುವ ತಾಳ್ಮೆಗೂ ಮುಂದಿನ ಸಾಧನೆಗೂ ಕಂಡಿದ್ದ ನಂಟು ಬಹುಮಟ್ಟಿಗೆ ಕರಗಿಹೋಯಿತು. ನನ್ನ ಮಟ್ಟಿಗೆ, ಶಿಕ್ಷಕರ ತರಬೇತಿಗೆ ಇಪ್ಪತ್ತೈದು ವರ್ಷದ ನಂತರದ ಸಂಬಳವನ್ನು ಸಮರ್ಥನೆಯಾಗಿ ತರಬೇಕಾದ ಅಗತ್ಯವೇ ಇಲ್ಲ. ಮಗು ದಿನಕ್ಕೆ ಆರೆಂಟು ಗಂಟೆ ಕಳೆಯುವ ಕೋಣೆಯಲ್ಲಿ ಇವತ್ತು ಹೆದರಿಕೆಯಿಲ್ಲದೆ ಇರುವುದೇ ಸಾಕಷ್ಟು ದೊಡ್ಡ ಕಾರಣ.

ಕಲಿಯಬೇಕಾದದ್ದು ಯಾವುದು?

'ಮಕ್ಕಳನ್ನು ಪ್ರೀತಿಸುವವರಿಗೆ ಇದೆಲ್ಲ ಸಹಜವಾಗಿ ಬರುತ್ತದೆ' ಎಂಬ ಮಾತು ಶಿಕ್ಷಕಿಯರಿಗೆ ಮಾಡುವ ಹೊಗಳಿಕೆಯಂತೆ ಕಂಡರೂ, ಅವರ ಕೆಲಸದಲ್ಲಿರುವ ಕೌಶಲವನ್ನು ಅದು ಅಳಿಸಿಹಾಕುತ್ತದೆ. ಬ್ಲಾಕ್ ಬೀಸಿದ ಹುಡುಗನ ಬಳಿಗೇ ಮರಳೋಣ. ಪಳಗಿದ ಶಿಕ್ಷಕಿ ಮೊದಲು ಏಟು ಬಿದ್ದ ಮಗುವಿನತ್ತ ಒಂದು ಕಣ್ಣು ಹಾಯಿಸಿ, ಇನ್ನೊಂದು ಏಟು ಬೀಳದಂತೆ ಇಬ್ಬರ ನಡುವೆ ಕೂರುತ್ತಾಳೆ. ಹುಡುಗನ ಕಣ್ಣಿನ ಮಟ್ಟಕ್ಕೆ ಇಳಿದು, ದನಿ ತಗ್ಗಿಸಿ, "ಅಷ್ಟೆತ್ತರ ಕಟ್ಟಿದ್ದೆ, ಬಿದ್ದೇಹೋಯ್ತು. ತುಂಬಾ ಸಿಟ್ಟು ಬಂತು ಅಲ್ವಾ?" ಎನ್ನುತ್ತಾಳೆ. ಅಳು ಇನ್ನೂ ಜೋರಾಗುತ್ತದೆ. ಆಕೆ ಗಾಬರಿಯಾಗುವುದಿಲ್ಲ, ಏಕೆಂದರೆ ತನ್ನನ್ನು ಅರ್ಥಮಾಡಿಕೊಂಡರೆಂದು ತಿಳಿದಾಗ ಅಳು ಒಮ್ಮೆ ಏರಿ ಆಮೇಲೆ ಇಳಿಯುವುದನ್ನು ನೋಡಿ ಬಲ್ಲಳು. ಬಿಕ್ಕು ನಿಲ್ಲುವವರೆಗೆ ಪಾಠ ಹೇಳುವುದಿಲ್ಲ. ನಿಂತ ಮೇಲೆ, "ಸಿಟ್ಟು ಬರಬಹುದು. ಹೊಡೆಯೋದು ಮಾತ್ರ ಬೇಡ, ಅವಳಿಗೆ ನೋವಾಗತ್ತೆ. ಇನ್ನೊಂದು ಸಲ ಹೀಗಾದ್ರೆ ಏನು ಮಾಡಬಹುದು?" ಎಂದು ಕೇಳುತ್ತಾಳೆ. ಇಡೀ ಪ್ರಸಂಗಕ್ಕೆ ಮೂರು ನಿಮಿಷ ಸಾಕು. ಇದರೊಳಗೆ ಸುರಕ್ಷತೆ, ಸಾಮೀಪ್ಯ, ಹೆಸರಿಡುವುದು, ಕಾಯುವುದು, ಮಿತಿ ಹಾಕುವುದು, ಮುಂದಿನ ದಾರಿ ಹುಡುಕುವುದು ಎಂಬ ಆರು ಬೇರೆ ಬೇರೆ ಕೆಲಸಗಳಿವೆ, ಮತ್ತು ಅವುಗಳ ಅನುಕ್ರಮ ಬಹಳ ಮುಖ್ಯ. ಅಳುತ್ತಿರುವಾಗಲೇ ನೀತಿ ಹೇಳಲು ಹೊರಡುವುದು ಅತ್ಯಂತ ಸಾಮಾನ್ಯವಾದ ಎಡವಟ್ಟು.

ಭಾವನೆಗೆ ಜಾಗ ಕೊಡುವುದೆಂದರೆ ವರ್ತನೆಗೆ ಲಗಾಮು ಬಿಡುವುದು ಎಂಬ ತಪ್ಪು ತಿಳಿವಳಿಕೆ ಶಿಕ್ಷಕರಲ್ಲೂ ಪಾಲಕರಲ್ಲೂ ಇದೆ. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ತಂದೆತಾಯಿಗಳ ರೀತಿಗಳನ್ನು ವಿಂಗಡಿಸಿದಾಗ ಇದನ್ನು ಸ್ಪಷ್ಟಪಡಿಸಿದ್ದರು. "ಏನೂ ಆಗಿಲ್ಲ, ಅಳಬೇಡ" ಎಂದು ತಳ್ಳಿಹಾಕುವವರು ಒಂದು ಬಗೆ, ಅಳುವುದೇ ತಪ್ಪೆಂದು ಗದರುವವರು ಇನ್ನೊಂದು ಬಗೆ. ಭಾವನೆಯನ್ನೇನೋ ಒಪ್ಪಿಕೊಂಡು, ಆಮೇಲೆ ಮಗು ಏನು ಮಾಡಿದರೂ ಸುಮ್ಮನಿರುವವರನ್ನು ಅವರು ಪ್ರತ್ಯೇಕವಾಗಿಯೇ ಗುರುತಿಸಿದರು. ಒಪ್ಪಿಕೊಂಡು, ಮಿತಿಯನ್ನೂ ಹಾಕಿ, ದಾರಿ ತೋರುವವರು ನಾಲ್ಕನೆಯವರು. ಹಾಗೆಯೇ ಬಲವಂತದ 'ಸಾರಿ'ಯ ಬಗ್ಗೆಯೂ ಒಂದು ಮಾತು: ಅದನ್ನು ಹೇಳಿದ ಕೂಡಲೇ ಬಿಡುಗಡೆ ಸಿಗುತ್ತದೆ ಎಂಬುದನ್ನು ನಾಲ್ಕು ವರ್ಷದ ಮಗು ಎರಡೇ ವಾರಗಳಲ್ಲಿ ಕಲಿತುಬಿಡುತ್ತದೆ. ಬಿದ್ದ ಮಗುವಿಗೆ ನೀರು ತಂದುಕೊಡಲು ಹೇಳುವುದು ಅದಕ್ಕಿಂತ ಮೇಲು.

ಭಾವನೆಗಳಿಗೆ ಹೆಸರಿಡುವ ವಿಷಯದಲ್ಲಿ ಕನ್ನಡದಲ್ಲಿ ಕಲಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅನುವಾದವಾಗಿ ಬರುವ ಭಾವನೆಗಳ ಪಟ್ಟಿಗಳಲ್ಲಿ 'ಹತಾಶೆ', 'ಆತಂಕ', 'ನಿರಾಶೆ' ಎಂಬ ಪುಸ್ತಕದ ಪದಗಳಿರುತ್ತವೆ. ಮಾತಿನಲ್ಲಿ ಮಾತ್ರ ಎಲ್ಲಕ್ಕೂ 'ಬೇಜಾರು' ಎಂಬ ಒಂದೇ ಪದ. ಆಟಕ್ಕೆ ಸೇರಿಸಿಕೊಳ್ಳದಿದ್ದರೂ ಬೇಜಾರು, ಅಮ್ಮ ಹೋದರೂ ಬೇಜಾರು, ಚಿತ್ರ ಹರಿದರೂ ಬೇಜಾರು. ಇವೆರಡರ ನಡುವೆ ನಮ್ಮ ನುಡಿಯಲ್ಲಿ ಮುನಿಸು, ಸೆಡವು, ದಿಗಿಲು, ಅಳುಕು, ಪೆಚ್ಚು, ಕಸಿವಿಸಿ, ಸಂಕೋಚ, ಹೊಟ್ಟೆಕಿಚ್ಚು, ಹಿಗ್ಗು ಎಂಬ ಸಮೃದ್ಧ ಪದರಾಶಿಯೇ ಇದೆ. ಮುನಿಸು ಸಿಟ್ಟಿನಂತಲ್ಲ; ಯಾರಾದರೂ ಬಂದು ಮಾತನಾಡಿಸಲಿ ಎಂಬ ಆಸೆ ಅದರೊಳಗಿದೆ. ದಿಗಿಲಿಗೆ ಕಾರಣ ಕಣ್ಣೆದುರಿರುತ್ತದೆ, ಅಳುಕಿಗೆ ಹಾಗೆ ಬೊಟ್ಟುಮಾಡಿ ತೋರಿಸಲು ಏನೂ ಸಿಗದು. ಪದ ಸಿಗದ ಕಡೆ ವಾಕ್ಯವೇ ಸಾಕು: ಜಿಪ್ ಎಳೆಯಲಾಗದೆ ಕಿರುಚುತ್ತಿರುವವಳಿಗೆ "ಎಷ್ಟು ಎಳೆದ್ರೂ ಬರ್ತಾ ಇಲ್ಲ ಅಂತ ಸಿಟ್ಟು ಬರ್ತಿದೆ" ಎಂದರೆ ಅದು ಯಾವ 'ಹತಾಶೆ'ಗಿಂತಲೂ ಚೆನ್ನಾಗಿ ತಾಕುತ್ತದೆ. ಪುಟ್ಟ ಮಕ್ಕಳು ಮೊದಲು ಖುಷಿಯನ್ನು, ಆಮೇಲೆ ದುಃಖ–ಸಿಟ್ಟುಗಳನ್ನು, ಇನ್ನೂ ತಡವಾಗಿ ಹೆದರಿಕೆಯನ್ನು ಇತರರ ಮುಖದಲ್ಲಿ ಗುರುತಿಸಲು ಕಲಿಯುತ್ತಾರೆ. ಒಂದೇ ಹೊತ್ತಿಗೆ ಎರಡು ವಿರುದ್ಧ ಭಾವನೆಗಳಿರಬಹುದು ಎಂಬುದು ಶಾಲೆಗೆ ಹೋಗುವ ವಯಸ್ಸಿನಲ್ಲಷ್ಟೇ ತಿಳಿಯುತ್ತದೆ. ಹಾಗಾಗಿ ಮೂರರ ಮಗುವನ್ನು "ಖುಷೀನಾ, ದುಃಖಾನಾ?" ಎಂದು ಪಟ್ಟಿ ಹಿಡಿದು ಪ್ರಶ್ನಿಸುವುದಕ್ಕಿಂತ, ನಡೆದ ಘಟನೆಯ ಜೊತೆಗೇ ಪದವನ್ನು ಕೊಡುವುದು ಫಲಕಾರಿ.

ಬೆಳಗಿನ ಬೀಳ್ಕೊಡುಗೆಗೆ ತರಬೇತಿಯಲ್ಲಿ ಸಿಗುವ ಸಮಯ ಅದರ ಮಹತ್ವಕ್ಕೆ ತೀರ ಕಡಿಮೆ. ಅಗಲಿಕೆಯ ಭಯ ಹುಟ್ಟಿದ ಎಂಟು ತಿಂಗಳ ಸುಮಾರಿಗೆ ಕಾಣಿಸಿಕೊಂಡು ಎರಡನೆಯ ವರ್ಷದಲ್ಲಿ ತೀವ್ರವಾಗಿರುತ್ತದೆ. ಹೊಸ ಜಾಗ, ಹೊಸ ಮುಖಗಳ ಎದುರು ಮೂರು–ನಾಲ್ಕರಲ್ಲೂ ಮರಳಿ ಬರುತ್ತದೆ. ಮಗುವಿನ ಕಣ್ಣು ತಪ್ಪಿಸಿ ಪಾಲಕರು ಹೊರಟುಹೋಗುವುದು ಆ ದಿನದ ಮಟ್ಟಿಗೆ ಸಲೀಸು. ಆದರೆ ಮಾರನೆಯ ದಿನದಿಂದ ಆ ಮಗು ಬಾಗಿಲಿನಿಂದ ಕಣ್ಣು ಕೀಳುವುದಿಲ್ಲ. ಹೇಳಿ ಹೋಗುವುದು, ಹೇಳಿದ ಹೊತ್ತಿಗೆ ಬರುವುದು, ಒಳಗೆ ಕರೆದುಕೊಳ್ಳಲು ದಿನವೂ ಒಂದೇ ಕೈ ಇರುವುದು, ಈ ಮೂರರಿಂದ ಆಗುವಷ್ಟು ಕೆಲಸ ಆಟಿಕೆಯ ಆಮಿಷದಿಂದ ಆಗದು. ಇಂಗ್ಲೆಂಡಿನ ಶಿಶುಶಿಕ್ಷಣ ನಿಯಮಾವಳಿಯು ಪ್ರತಿ ಮಗುವಿಗೂ ಒಬ್ಬ ನಿರ್ದಿಷ್ಟ ಸಿಬ್ಬಂದಿಯನ್ನು ಆಪ್ತ ವ್ಯಕ್ತಿಯಾಗಿ ಗೊತ್ತುಪಡಿಸುವುದನ್ನು ಕಡ್ಡಾಯ ಮಾಡಿರುವುದರ ಹಿಂದಿನ ತರ್ಕ ಇದೇ. ಬುಡಾಪೆಸ್ಟ್‌ನಲ್ಲಿ 1946ರಲ್ಲಿ ಶಿಶುಗೃಹವೊಂದನ್ನು ಆರಂಭಿಸಿದ ವೈದ್ಯೆ ಎಮ್ಮಿ ಪಿಕ್ಲರ್ ಇನ್ನೂ ಸೂಕ್ಷ್ಮಕ್ಕೆ ಹೋಗಿದ್ದರು. ಅಲ್ಲಿ ಬಟ್ಟೆ ಬದಲಿಸುವಾಗ, ಸ್ನಾನ ಮಾಡಿಸುವಾಗ, ಈಗ ಏನು ಮಾಡಲಿದ್ದೇನೆಂದು ಕೂಸಿಗೆ ಮೊದಲೇ ಹೇಳಿ, ಅದರ ಪ್ರತಿಕ್ರಿಯೆಗೆ ಕಾದು ಮುಂದುವರಿಯುವಂತೆ ಆರೈಕೆಯವರನ್ನು ಪಳಗಿಸಲಾಗುತ್ತಿತ್ತು. ಮಗುವಿನೊಂದಿಗಿನ ಸಂಬಂಧ ಬೆಳೆಯುವುದು 'ಚಟುವಟಿಕೆ'ಯ ಅವಧಿಯಲ್ಲಿ ಮಾತ್ರವೆಂಬ ಕಲ್ಪನೆಯನ್ನು ಅದು ತಲೆಕೆಳಗು ಮಾಡಿತು.

ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ತರಬೇತಿಯ ಗಮನವೆಲ್ಲ ಹೊಡೆಯುವ, ಕಚ್ಚುವ, ಕಿರುಚುವ ಮಗುವಿನ ಮೇಲಿರುತ್ತದೆ. ಮೂಲೆಯಲ್ಲಿ ಗದ್ದಲವಿಲ್ಲದೆ ಕೂತು, ಕೊಟ್ಟಿದ್ದನ್ನು ತಿಂದು, ಮಲಗೆಂದಾಗ ಮಲಗಿ, ದಿನವಿಡೀ ಯಾರೊಂದಿಗೂ ಮಾತನಾಡದ ಮಗುವನ್ನು 'ತುಂಬಾ ಒಳ್ಳೆಯವಳು' ಎನ್ನಲಾಗುತ್ತದೆ. ಆ ಮಗುವಿಗೂ ಒಳಗೊಂದು ದಿಗಿಲಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಆಕೆಯಿಂದ ಯಾರಿಗೂ ತೊಂದರೆಯಿಲ್ಲ. 2003ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ರೂಪಿಸಿದ 'ಪಿರಮಿಡ್' ಮಾದರಿಯ ತಳದಲ್ಲಿ ಎಲ್ಲ ಮಕ್ಕಳೊಂದಿಗಿನ ಬೆಚ್ಚನೆಯ ಸಂಬಂಧ ಮತ್ತು ಊಹಿಸಬಹುದಾದ ದಿನಚರಿ ಇದೆ. ಅದರ ಮೇಲೆ ಭಾವನೆ–ಗೆಳೆತನಗಳ ನೇರ ಕಲಿಕೆ, ತುದಿಯಲ್ಲಷ್ಟೇ ಕೆಲವೇ ಮಕ್ಕಳಿಗೆ ಬೇಕಾಗುವ ವಿಶೇಷ ಯೋಜನೆ. ತಳ ಗಟ್ಟಿಯಿದ್ದರೆ ತುದಿಯಲ್ಲಿ ಮಾಡಬೇಕಾದ ಕೆಲಸ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಶಿಕ್ಷಕರು ಮಾತ್ರ ಸಾಮಾನ್ಯವಾಗಿ ಸಹಾಯ ಕೇಳುವುದು ತುದಿಯಿಂದ: "ಈ ಒಬ್ಬನನ್ನು ಏನು ಮಾಡಲಿ, ಹೇಳಿ."

ಕಾರ್ಯಾಗಾರ ಮುಗಿದ ಮೇಲೆ

ಶಿಕ್ಷಕರ ತರಬೇತಿಯ ಕುರಿತು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಿಂದ ಬರೆಯುತ್ತಾ ಬಂದದ್ದರ ತಿರುಳು ಸರಳ. ಉಪನ್ಯಾಸದಿಂದ ವಿಷಯ ತಿಳಿಯುತ್ತದೆ, ಪ್ರಾತ್ಯಕ್ಷಿಕೆಯಿಂದ ಇನ್ನಷ್ಟು ತಿಳಿಯುತ್ತದೆ, ಕಾರ್ಯಾಗಾರದಲ್ಲೇ ಅಭ್ಯಾಸ ಮಾಡಿಸಿದರೆ ಕೌಶಲವೂ ಬರುತ್ತದೆ. ಆದರೆ ತರಗತಿಗೆ ಮರಳಿದ ಮೇಲೆ ಯಾರಾದರೂ ಜೊತೆಗಿದ್ದು ಕೈಹಿಡಿಯದಿದ್ದರೆ ಅದರಲ್ಲಿ ಬಳಕೆಗೆ ಬರುವುದು ಅತ್ಯಲ್ಪ. ಅವರು ಕೊಟ್ಟ ಅಂದಾಜಿನಲ್ಲಿ ಈ ಕೈಹಿಡಿಯುವಿಕೆ ಇಲ್ಲದಿದ್ದರೆ ಸುಮಾರು 5 ಪ್ರತಿಶತ ಶಿಕ್ಷಕರು, ಇದ್ದರೆ 95 ಪ್ರತಿಶತ ಶಿಕ್ಷಕರು ಕಲಿತದ್ದನ್ನು ತರಗತಿಗೆ ಒಯ್ಯುತ್ತಾರೆ. ಈ ಅಂಕಿಗಳನ್ನು ಅಳೆದು ತೂಗಿದ ಫಲಿತಾಂಶವೆಂದು ನಾನು ಓದುವುದಿಲ್ಲ, ಅಂದಾಜೆಂದೇ ಓದುತ್ತೇನೆ. ಆದರೆ ದಿಕ್ಕು ಸರಿಯಾಗಿದೆ.

ಎಳೆಯ ಮಕ್ಕಳ ಭಾವನಾತ್ಮಕ ಬೆಳವಣಿಗೆಯ ಕ್ಷೇತ್ರದಲ್ಲಿ ಫಲ ಕೊಟ್ಟ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಬಡ ಕುಟುಂಬಗಳ ಮಕ್ಕಳಿಗಾಗಿ ಇರುವ ಹೆಡ್ ಸ್ಟಾರ್ಟ್ ಕೇಂದ್ರಗಳಲ್ಲಿ ಕ್ಯಾರೆನ್ ಬಿಯರ್‌ಮನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದಲ್ಲಿ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 44 ತರಗತಿಗಳ 356 ನಾಲ್ಕು ವರ್ಷದ ಮಕ್ಕಳಿದ್ದರು. ಭಾವನೆಗಳನ್ನು ಗುರುತಿಸುವ ಪಾಠಗಳ ಜೊತೆಗೆ ಶಿಕ್ಷಕರಿಗೆ ವಾರವಾರವೂ ಮಾರ್ಗದರ್ಶಕರ ನೆರವಿತ್ತು. ಮಕ್ಕಳ ಭಾವನಾತ್ಮಕ ತಿಳಿವಳಿಕೆ, ಜಗಳ ಬಗೆಹರಿಸಿಕೊಳ್ಳುವ ರೀತಿ ಎರಡೂ ಸುಧಾರಿಸಿದವು. ಷಿಕಾಗೊದಲ್ಲಿ ಸಿಬೆಲ್ ರೇವರ್ ನೇತೃತ್ವದಲ್ಲಿ 2004ರಿಂದ 2006ರವರೆಗೆ ನಡೆದ ಇನ್ನೊಂದು ಪ್ರಯೋಗದಲ್ಲಿ 18 ಕೇಂದ್ರಗಳ 35 ತರಗತಿಗಳಿದ್ದವು. ಶಿಕ್ಷಕರಿಗೆ 30 ಗಂಟೆಗಳ ತರಬೇತಿ ಕೊಟ್ಟು, ಅದರ ಮೇಲೆ ಮಾನಸಿಕ ಆರೋಗ್ಯ ಸಲಹೆಗಾರರೊಬ್ಬರು ವಾರಕ್ಕೊಂದು ಬೆಳಗ್ಗೆ ತರಗತಿಯಲ್ಲೇ ಇದ್ದು ನೆರವಾಗುತ್ತಿದ್ದರು. ವರ್ಷದ ಒಂದು ಭಾಗವನ್ನು ಆ ಸಲಹೆಗಾರರು ಮಕ್ಕಳಿಗಾಗಿ ಅಲ್ಲ, ಶಿಕ್ಷಕರ ಸ್ವಂತ ಒತ್ತಡವನ್ನು ಹಗುರ ಮಾಡುವುದಕ್ಕಾಗಿಯೇ ಮೀಸಲಿಟ್ಟಿದ್ದರು ಎಂಬುದನ್ನು ಗಮನಿಸಬೇಕು.

ಈ ಒಡನಿರುವ ಮಾರ್ಗದರ್ಶನ ಹತ್ತಿರದಿಂದ ಹೇಗೆ ಕಾಣುತ್ತದೆ? ಮಕ್ಕಳು ಮಲಗಿರುವ ಹೊತ್ತು. ಶಿಕ್ಷಕಿ ಮತ್ತು ಮಾರ್ಗದರ್ಶಕಿ ಚಿಕ್ಕ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತು ಬೆಳಗ್ಗೆ ಫೋನಿನಲ್ಲಿ ಚಿತ್ರಿಸಿಕೊಂಡ ನಲವತ್ತು ಸೆಕೆಂಡಿನ ತುಣುಕನ್ನು ದನಿ ತಗ್ಗಿಸಿ ನೋಡುತ್ತಿದ್ದಾರೆ. ಶಿಕ್ಷಕಿ ತನ್ನನ್ನು ನೋಡಿ ನಾಚುತ್ತಾಳೆ: "ಅಯ್ಯೋ ಮೇಡಂ, ನಾನು ಇಷ್ಟು ಜೋರಾಗಿ ಮಾತಾಡ್ತೀನಾ!" ಮಾರ್ಗದರ್ಶಕಿ ಅದಕ್ಕೆ ಏನೂ ಹೇಳದೆ ತುಣುಕನ್ನು ಹನ್ನೆರಡನೆಯ ಸೆಕೆಂಡಿಗೆ ನಿಲ್ಲಿಸುತ್ತಾಳೆ. "ಇಲ್ಲಿ ನೋಡಿ, ನೀವು ಪಕ್ಕದಲ್ಲಿ ಕೂತ ತಕ್ಷಣ ಅವನ ಮುಷ್ಟಿ ಸಡಿಲ ಆಯ್ತು. ಇನ್ನೂ ಮಾತೇ ಆಡಿಲ್ಲ ನೀವು." ಶಿಕ್ಷಕಿ ಬಗ್ಗಿ ನೋಡುತ್ತಾಳೆ. ತಾನು ಮಾಡಿದ್ದರಲ್ಲಿ ಯಾವುದು ಫಲಿಸಿತೆಂದು ಆಕೆಗೆ ಗೊತ್ತೇ ಇರಲಿಲ್ಲ. ಮುಂದಿನ ವಾರಕ್ಕೆ ಒಂದೇ ಗುರಿ: ಮಾತಿಗೆ ಮೊದಲು ಕೂರುವುದು. ಒಂದು ಭೇಟಿಗೆ ಒಂದು ಬದಲಾವಣೆ. ಐದು ದೋಷಗಳ ಪಟ್ಟಿ ಕೊಟ್ಟುಹೋಗುವ ಮಾರ್ಗದರ್ಶಕರು ಬೇಗನೆ ತಪಾಸಣಾಧಿಕಾರಿಗಳಾಗಿಬಿಡುತ್ತಾರೆ. ಆಮೇಲೆ ಅವರು ಬರುವ ದಿನ ತರಗತಿಯಲ್ಲಿ ನಾಟಕ ನಡೆಯುತ್ತದೆ, ಉಳಿದ ದಿನ ಹಳೆಯದೇ ನಡೆಯುತ್ತದೆ. ಅಂಕ ಕೊಡುವವರೂ ಕಲಿಸಿಕೊಡುವವರೂ ಒಬ್ಬರೇ ಆಗಬಾರದೆಂಬ ಎಚ್ಚರ ಇಲ್ಲಿ ಬಹಳ ಅಗತ್ಯ.

ಶಿಕ್ಷಕಿಯ ಮನಸ್ಸನ್ನು ನೋಡಿಕೊಳ್ಳುವವರು ಯಾರು?

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನಾ ಶ್ರಮ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ಅವರ ಕಣ್ಣಮುಂದಿದ್ದವರು ಮುಖ್ಯವಾಗಿ ವಿಮಾನದ ಪರಿಚಾರಿಕೆಯರು. ಒಳಗೆ ಏನಿದ್ದರೂ ಹೊರಗೆ ನಗುಮುಖ ತೋರುವುದೇ ಕೆಲಸದ ಭಾಗವಾಗುವುದನ್ನು ಅವರು ವಿವರಿಸಿದರು. ಎಳೆಯ ಮಕ್ಕಳ ಶಿಕ್ಷಕಿಯದು ಇನ್ನೂ ಕಠಿಣ, ಏಕೆಂದರೆ ತೋರಿಕೆಯ ನಗುವನ್ನು ಪ್ರಯಾಣಿಕರು ಒಪ್ಪಿಕೊಂಡಾರು, ಎರಡು ವರ್ಷದ ಮಗು ಒಪ್ಪುವುದಿಲ್ಲ; ಬಿಗಿದ ತೋಳನ್ನು ಅದು ಎತ್ತಿಕೊಂಡಾಗಲೇ ಗುರುತಿಸಿಬಿಡುತ್ತದೆ. ತಾನು ದಣಿದಿರುವಾಗ, ಮನೆಯ ಚಿಂತೆ ತಲೆಯಲ್ಲಿರುವಾಗ, ಕಿವಿಗಡಚಿಕ್ಕುವ ಕಿರುಚಾಟದ ನಡುವೆ ಇನ್ನೊಬ್ಬರಿಗೆ ಸಮಾಧಾನವನ್ನು ಎರವಲು ಕೊಡಬೇಕಾದವರಿಗೆ, ಆ ಸಮಾಧಾನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ತರಬೇತಿಯ ಕೈಪಿಡಿಗಳು ಒಂದು ಪುಟದ 'ಆಳವಾಗಿ ಉಸಿರೆಳೆದುಕೊಳ್ಳಿ' ಎಂಬ ಸಲಹೆಯಲ್ಲಿ ಮುಗಿಸಿಬಿಡುತ್ತವೆ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದೆಂಬುದನ್ನು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ 2005ರಲ್ಲಿ ತೋರಿಸಿದರು. ಅಮೆರಿಕದ 40 ರಾಜ್ಯಗಳ ಸುಮಾರು 4,000 ಶಾಲಾಪೂರ್ವ ತರಗತಿಗಳ ಅಧ್ಯಯನದಲ್ಲಿ, ವರ್ತನೆಯ ಕಾರಣಕ್ಕೆ ಹೊರಹಾಕಲಾದ ಮಕ್ಕಳ ಪ್ರಮಾಣ ಸಾವಿರಕ್ಕೆ 6.67 ಎಂದು ಕಂಡುಬಂತು; ಇದು ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗಿನ ಶಾಲೆಗಳ ಒಟ್ಟು ಪ್ರಮಾಣದ ಮೂರು ಪಟ್ಟಿಗಿಂತ ಹೆಚ್ಚು. ಮೂರು–ನಾಲ್ಕು ವರ್ಷದ ಮಕ್ಕಳು ತಮಗಿಂತ ದೊಡ್ಡ ಶಾಲಾಮಕ್ಕಳಿಗಿಂತ ಹೆಚ್ಚಾಗಿ ಹೊರಬೀಳುತ್ತಿದ್ದರು! ತರಗತಿಗೇ ಬಂದು ನೆರವಾಗುವ ಮಾನಸಿಕ ಆರೋಗ್ಯ ಸಲಹೆಗಾರರು ಲಭ್ಯವಿದ್ದಲ್ಲಿ ಈ ಪ್ರಮಾಣ ಕಡಿಮೆಯಿತ್ತು. 2016ರಲ್ಲಿ ಅದೇ ತಂಡ, ಮಕ್ಕಳು ಆಡುತ್ತಿರುವ ವಿಡಿಯೊವನ್ನು ಶಿಕ್ಷಕರಿಗೆ ತೋರಿಸಿ, ತಂಟೆ ಶುರುವಾಗುವುದನ್ನು ಗುರುತಿಸಲು ಹೇಳಿ, ಅವರ ಕಣ್ಣಿನ ಚಲನೆಯನ್ನು ದಾಖಲಿಸಿತು. ವಿಡಿಯೊದಲ್ಲಿ ತಂಟೆಯೇ ಇರಲಿಲ್ಲ. ಆದರೂ ಕಣ್ಣುಗಳು ಹೆಚ್ಚು ಹೊತ್ತು ನೆಟ್ಟಿದ್ದು ಕಪ್ಪು ವರ್ಣದ ಹುಡುಗರ ಮೇಲೆ. ಯಾವ ಸಮಾಜದಲ್ಲೂ ಶಿಕ್ಷಕರ ಕಣ್ಣು ಖಾಲಿಯಾಗಿ ಬಂದಿರುವುದಿಲ್ಲ. ಯಾರ ಅಳು 'ದುಃಖ'ವೆನಿಸುತ್ತದೆ, ಯಾರ ಅಳು 'ಹಠ'ವೆನಿಸುತ್ತದೆ ಎಂಬುದನ್ನು ಸ್ವತಃ ನೋಡಿಕೊಳ್ಳಲು ಕಲಿಸದ ತರಬೇತಿ ಅಪೂರ್ಣ. ಹುಡುಗ ಅತ್ತರೆ "ಹುಡುಗೀರ ಥರ ಅಳ್ತೀಯಲ್ಲೋ" ಎನ್ನುವ ಮಾತನ್ನು ಇದೇ ಸಾಲಿಗೆ ಸೇರಿಸಬಹುದು.

ಇಲ್ಲಿಯೇ ಪಟ್ಟಿಗಳು ಮತ್ತು ಸಿದ್ಧ ಕಿಟ್‌ಗಳ ಮಿತಿಯೂ ಕಾಣುತ್ತದೆ. ಹೆಡ್ ಸ್ಟಾರ್ಟ್ ಕೇಂದ್ರಗಳಲ್ಲಿ ಮೂರು ಸಿದ್ಧ ಕಾರ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ನಡೆಸಿದ, 2014ರಲ್ಲಿ ವರದಿಯಾದ ದೊಡ್ಡ ಪ್ರಯೋಗದಲ್ಲಿ ಮೂರರ ಫಲವೂ ಒಂದೇ ಆಗಿರಲಿಲ್ಲ; ಕೆಲವು ಗುರಿಗಳು ಈಡೇರಿದವು, ಕೆಲವು ಈಡೇರಲಿಲ್ಲ. ಕಿಟ್ ಬೇಡವೆಂದಲ್ಲ, ಹೊಸಬರಿಗೆ ಅದೊಂದು ಊರುಗೋಲು. ಆದರೆ ಗೋಡೆಯ ಮೇಲೆ ಮುಖಭಾವಗಳ ಪೋಸ್ಟರ್ ಅಂಟಿಸಿ, ಮೂಲೆಯಲ್ಲಿ ದಿಂಬುಗಳಿಟ್ಟು 'ಶಾಂತಿಯ ಮೂಲೆ' ಎಂದು ಹೆಸರಿಟ್ಟು, ಕೊನೆಗೆ "ಹೋಗು, ಆ ಮೂಲೇಲಿ ಕೂತ್ಕೋ!" ಎಂದು ಕೈತೋರಿಸಿದರೆ ಅದು ಹಳೆಯ ಶಿಕ್ಷೆಯೇ, ದಿಂಬು ಮಾತ್ರ ಹೊಸದು.

ಹಾಗಾದರೆ ಖರ್ಚು ಬೀಳುವುದು ಎಲ್ಲಿ? ತರಬೇತಿಯ ಬಜೆಟ್ಟುಗಳಲ್ಲಿ ಸಂಪನ್ಮೂಲ ವ್ಯಕ್ತಿಯ ಸಂಭಾವನೆ, ಸಭಾಂಗಣ, ಕೈಪಿಡಿಯ ಮುದ್ರಣ, ಪ್ರಮಾಣಪತ್ರಗಳಿಗೆ ಸಾಲುಗಳಿರುತ್ತವೆ. ಶಿಕ್ಷಕಿ ಅರ್ಧ ಗಂಟೆ ಕೂತು ತನ್ನ ತರಗತಿಯ ತುಣುಕನ್ನು ನೋಡುವಾಗ ಮಕ್ಕಳ ಜೊತೆ ಇರುವ ಇನ್ನೊಬ್ಬರಿಗೆ ಸಾಲಿರುವುದಿಲ್ಲ. ಆ ಇನ್ನೊಬ್ಬರು ಇಲ್ಲದಿದ್ದರೆ ಮಾರ್ಗದರ್ಶಕಿ ಬಂದ ದಿನವೂ ಮಾತುಕತೆ ಬಾಗಿಲ ಬಳಿ ನಿಂತೇ, ಒಂದು ಕಣ್ಣು ಮಕ್ಕಳ ಮೇಲಿಟ್ಟೇ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಗೋಪುರ ಬಿದ್ದು ಮಗು ರಚ್ಚೆ ಹಿಡಿದಾಗ ಉಳಿದ ಹದಿನೆಂಟು ಮಕ್ಕಳನ್ನು ನೋಡಿಕೊಳ್ಳುವವರೂ ಅವರೇ. ಅವರಿದ್ದರಷ್ಟೇ ಶಿಕ್ಷಕಿ ಒಬ್ಬನ ಪಕ್ಕ ಮೂರು ನಿಮಿಷ ನೆಲದ ಮೇಲೆ ಕೂರಬಲ್ಲಳು. ಹೊಸ ತರಬೇತಿ ಯೋಜನೆಯೊಂದನ್ನು ಓದಲು ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಆ ಎರಡನೆಯ ವ್ಯಕ್ತಿಯ ಸಂಬಳದ ಸಾಲನ್ನು.